ಮಗ್ಗದ ಕಾಲು ಕ್ಲಚ್ಚಿನ ಮೇಲೆ

ನಾಡು ಒಂದಾಗಬೇಕೆಂದು ಊರೂರಲ್ಲಿ ಸಭೆ ನಡೆಯುತ್ತಿದ್ದ ಕಾಲ. ಲಕ್ಷ್ಮೇಶ್ವರ, ಶಿರಹಟ್ಟಿ, ಎಲ್ಲಿ ಭಾಷಣವಿದ್ದರೂ ಗದಗಿನ ಹತ್ತಿ ಸಾವಕಾರರು ಮೋಟಾರಿನಲ್ಲಿ ಹೋಗಿ ಮುಂದಿನ ಸಾಲಿನಲ್ಲಿ ಕುಳಿತು ತೂಕಡಿಸುತ್ತಿದ್ದರು. ಅವರ ಡ್ರೈವರನಿಗೆ ವಯಸ್ಸಾಗಿ ಕಣ್ಣು ಮಂಜಾಗಿತ್ತು. ಆ ಜಾಗದ ಮೇಲೆ ನನ್ನ ಗಂಡನ ಕಣ್ಣು ಬಿತ್ತು. ಬೆಟಗೇರಿಯಲ್ಲಿ ಸೀರೆ ನೇಯುವವನು, ಒಂದು ದಿನ ಎತ್ತಿನ ಗಾಡಿಯನ್ನೂ ಹೊಡೆದವನಲ್ಲ. ಲೈಸೆನ್ಸ್ ಸಿಕ್ಕರೆ ಕೆಲಸ ನಿನ್ನದು, ಇಲ್ಲದಿದ್ದರೆ ಹುಬ್ಬಳ್ಳಿಯವನನ್ನು ಕರೆಸುತ್ತೇನೆ ಎಂದಿದ್ದರು ಸಾವಕಾರರು.

ಕಲಿಸುವವನು ಆ ಮುದಿ ಡ್ರೈವರೇ. ಹರ್ತಿ ದಾರಿಗೆ ಬುತ್ತಿ ಒಯ್ದಾಗ ನಾನೂ ನೋಡಿದೆ. ಮೋಟಾರು ಹೋತದಂತೆ ಒಮ್ಮೆ ಹಾರಿ ಸತ್ತು ನಿಂತಿತು. ಮತ್ತೆ ಹಾರಿತು, ಮತ್ತೆ ನಿಂತಿತು. ಕಳೆ ತೆಗೆಯುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನಗುತ್ತಿದ್ದರು.

“ಲೇ, ಕ್ಲಚ್ಚಿನ ಮ್ಯಾಲಿನ ಕಾಲು ಸಾವಕಾಶ ಎತ್ತು ಅಂದ್ರ ಹಾವು ತುಳದಂಗ ಯಾಕ ಜಿಗಿಸ್ತಿ?”

“ನಾ ಎತ್ತಂಗಿಲ್ಲ ಕಾಕಾ, ಅದ ಏಳತೈತಿ.”

“ಅದ ಏಳತೈತಂತ. ಕಾಲು ನಿಂದೋ, ನಿಮ್ಮ ಮಾವಂದೋ?”

ನೆಲದಲ್ಲಿ ತೋಡಿದ ಮಗ್ಗದ ಕುಣಿಯಲ್ಲಿ ಕುಳಿತವರ ಕಾಲೇ ಹಾಗೆ. ಬಲಗಾಲು ಹಲಗೆ ತುಳಿದ ಕೂಡಲೇ ಎಡಗಾಲು ಏಳಬೇಕು, ಇಲ್ಲದಿದ್ದರೆ ಲಾಳಿ ಹೋಗಲು ನೂಲು ದಾರಿ ಬಿಡುವುದಿಲ್ಲ. ಮೋಟಾರಿನಲ್ಲಿಯೂ ಅವನ ಬಲಗಾಲು ಎಕ್ಸಲರೇಟರ್ ಒತ್ತಿದ ಕ್ಷಣ ಎಡಗಾಲು ಕ್ಲಚ್ಚು ಬಿಟ್ಟು ಹಾರುತ್ತಿತ್ತು. ಹಗಲು ಕಲಿತದ್ದನ್ನು ಸಂಜೆ ಮಗ್ಗದಲ್ಲಿ ಕಳೆದು ಬರುತ್ತಿದ್ದ. ಕೊನೆಗೆ ಡ್ರೈವರ್, “ಪರೀಕ್ಷಾ ಆಗೂತನಾ ಮಗ್ಗಕ್ಕ ಕಾಲ ಹಚ್ಚಬ್ಯಾಡ” ಎಂದ.

ಮಗ್ಗದ ಮೇಲೆ ಯಾರದೋ ಮದುವೆಯ ಸೀರೆ ಅರ್ಧಕ್ಕೆ ನಿಂತಿತ್ತು. ನಮ್ಮ ಮನೆಯ ಹೆಂಗಸರು ಕಂಡಿಕೆಗೆ ನೂಲು ಸುತ್ತಬೇಕು, ಕುಣಿಗೆ ಇಳಿಯಬಾರದು. ದೊಡ್ಡ ಶಾಸ್ತ್ರ ಅದು. ಸೀರೆ ನಿಂತ ಮರುದಿನ ಆ ಶಾಸ್ತ್ರದ ಮಾತನ್ನು ಯಾರೂ ಎತ್ತಲಿಲ್ಲ. ನಾನು ಇಳಿದೆ. ಅವನು ಮೇಲೆ ಕುಳಿತು, ಎರಡೂ ಕಾಲು ಮಡಚಿಕೊಂಡು, ನನಗೆ ಬುದ್ಧಿ ಹೇಳುತ್ತಿದ್ದ.

“ಇನ್ನೂ ಜೋರ್ ತುಳಿ.”

“ತುಳೀತೀನ್ರಿ. ನೀವು ನಿಮ್ಮ ಕಾಲು ಕಾಯ್ಕೊಂಡು ಕುಂಡ್ರಿ, ಯಾರರ ಒಯ್ದಾರು.”

ಪರೀಕ್ಷೆ ಮುಂಡರಗಿ ದಾರಿಯ ಏರಿನಲ್ಲಿ. ಮುಂಬೈ ಸರ್ಕಾರದ ಸಾಹೇಬ ನಡು ಏರಿನಲ್ಲಿ ಮೋಟಾರು ನಿಲ್ಲಿಸಿ, ಹಿಂದಿನ ಗಾಲಿಯ ಬೆನ್ನಿಗೆ ಒಂದು ಕಡ್ಡಿಪೆಟ್ಟಿಗೆ ಇಟ್ಟನಂತೆ. ಮೋಟಾರು ಹಿಂದಕ್ಕೆ ಜಾರಿ ಅದು ಅಪ್ಪಚ್ಚಿಯಾದರೆ ಲೈಸೆನ್ಸ್ ಇಲ್ಲ. ನನ್ನ ಗಂಡ ಎಡಗಾಲನ್ನು ಇಷ್ಟಿಷ್ಟೇ ಬಿಟ್ಟ, ಮೋಟಾರು ನಡುಗಿ ಮೇಲಕ್ಕೆ ಹೋಯಿತು. ಈ ಕಥೆಯನ್ನು ಓಣಿಯ ಎಮ್ಮೆಗಳನ್ನೊಂದು ಬಿಟ್ಟು ಎಲ್ಲರಿಗೂ ಹೇಳಿದ.

ಕೆಲಸ ಸಿಕ್ಕಿತು. ಅಂದು ಸಂಜೆ ಕುಣಿಯ ಹತ್ತಿರ ಬಂದು ನಿಂತ.

“ಏಳು, ಇನ್ನ ನಾ ಕುಂಡ್ರತೀನಿ.”

“ನಾಳೆ ಸಾವಕಾರ್ರನ್ನ ಶಿರಹಟ್ಟಿಗೆ ಒಯ್ಯೋದೈತಿ. ಕಾಲು ಮತ್ತ ಹಳೇ ಚಾಳಿ ಹಿಡದ್ರ ಹುಬ್ಬಳ್ಳಿಯವ ಬರ್ತಾನ.”

ಅವನು ತನ್ನ ಎಡಗಾಲನ್ನೊಮ್ಮೆ ನೋಡಿಕೊಂಡು, ಊಟಕ್ಕೆ ಏನು ಮಾಡಿದ್ದೀ ಎಂದು ಕೇಳಿದ.

“ಒಲಿ ಹಚ್ಚಿಲ್ಲ. ಹಚ್ಕೋರಿ” ಎಂದು ನಾನು ಲಾಳಿ ಹೊಡೆದೆ.