ವ್ಯಾನಿನ ಮ್ಯಾಟ್ ಎತ್ತಿ ನೋಡಿ

ಈ ಸಂಗತಿಯನ್ನು ನಿಮಗೆ ಹೇಳುವುದನ್ನು ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ಈ ಅಂಕಣದಲ್ಲಿ ಮೊಣಕಾಲು ನೋವಿನ ಬಗ್ಗೆ ಬರೆದೆ. ಬ್ಯಾಂಕಿನ ಹಿತ್ತಾಳೆ ಟೋಕನ್ ಬಗ್ಗೆ ಬರೆದೆ. ಗೋಂಗುರ ಚಟ್ನಿಯ ಬಗ್ಗೆ ಎರಡು ವಾರ ಬರೆದೆ (ಎರಡನೆಯದು ಬೇಕಿರಲಿಲ್ಲ ಎಂದು ನೀವೇ ಹೇಳಿದಿರಿ). ಇದೊಂದನ್ನು ಬರೆಯಲಿಲ್ಲ. ಹೋದ ಭಾನುವಾರ ವಿಜಯವಾಡಕ್ಕೆ ಸೆಕೆಂಡ್ ಹ್ಯಾಂಡ್ ವ್ಯಾನ್ ನೋಡಲು ಹೋದಾಗ ಮೊಮ್ಮಗಳು ಒಂದು ಪ್ರಶ್ನೆ ಕೇಳಿಬಿಟ್ಟಳು. ಇನ್ನು ಮುಂದೂಡುವಂತಿಲ್ಲ.

ಆದರೆ ಮೊದಲು ವ್ಯಾನ್! ಮನೆಯಲ್ಲಿ ಹಬ್ಬ ನಡೆಯುತ್ತಿರುವಾಗ ಪಾಪದ ಮಾತು ಮೊದಲು ಆಡುವುದೇ?

ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಫ್ಲಾಟಿನಲ್ಲಿ ನಾವು ಏಳು ಜನ. ನಾನು, ಹೆಂಡತಿ ಗಿರಿಜ, ಮಗ ಮಹೇಶ, ಸೊಸೆ, ಮೂವರು ಮಕ್ಕಳು. ಇದ್ದದ್ದು ಎರಡು ಸ್ಕೂಟರ್. ಗಿರಿಜಳ ಎರಡೂ ಮೊಣಕಾಲು ಮುಷ್ಕರ ಹೂಡಿವೆ. ಆಟೋ ಹತ್ತಲಾರಳು. ಕ್ಯಾಬ್ ಹತ್ತಿದರೆ ಆ ತಗ್ಗು ಸೀಟಿನಿಂದ ಏಳಲಾರಳು. ಒಂದೂವರೆ ವರ್ಷದಿಂದ ಅವಳು ಬೀಚ್ ನೋಡಿಲ್ಲ. ಬೀಚ್ ಎಷ್ಟು ದೂರ ಅಂತೀರಿ? ಬಾಲ್ಕನಿಯಲ್ಲಿ ಒಣಹಾಕಿದ ಟವೆಲ್ ಸಂಜೆಗೆ ಉಪ್ಪುಪ್ಪಾಗುವಷ್ಟು ಹತ್ತಿರ.

ಜಾರುವ ಬಾಗಿಲಿನ, ಏಳು ಸೀಟಿನ ವ್ಯಾನ್ ಒಂದೇ ದಾರಿ. ಹೊಸದು ನಮ್ಮ ಕೈಗೆ ಎಟುಕದು. ಮಹೇಶ ಔಷಧ ಕಂಪನಿಯಲ್ಲಿ ನೌಕರ, ಮೂರು ಮಕ್ಕಳ ಸ್ಕೂಲ್ ಫೀಸ್ ಬೇರೆ. ಹಳೆಯದನ್ನೇ ಕೊಳ್ಳಬೇಕು. ಅದು ಕೈಕೊಟ್ಟರೆ ಇನ್ನೊಂದು ಕೊಳ್ಳಲು ತ್ರಾಣವಿಲ್ಲ. ಗಿರಿಜ ಮತ್ತೆ ಬಾಲ್ಕನಿಗೇ ಸೀಮಿತ.

"ಅಪ್ಪ, ಇಲ್ಲೇ ದ್ವಾರಕಾ ನಗರದ ಡೀಲರ್ ಹತ್ರ ಮೂರು ಇವೆಯಂತೆ. ವಿಜಯವಾಡದವರೆಗೂ ಯಾಕೆ ಹೋಗಬೇಕು?" ಎಂದ ಮಹೇಶ.

"ಸಮುದ್ರದ ಊರಿನ ಗಾಡಿ ಬೇಡ" ಎಂದೆ. "ಉಪ್ಪು ಗಾಳಿ ತಳವನ್ನ ತಿಂದಿರುತ್ತೆ. ಮೇಲೆ ಪಾಲಿಶ್, ಕೆಳಗೆ ಹಪ್ಪಳ. ವಿಜಯವಾಡ ಬರೀ ಸೆಕೆ. ಸೆಕೆಗೆ ಮನುಷ್ಯ ಹಾಳಾಗ್ತಾನೆ, ತಗಡು ಹಾಳಾಗಲ್ಲ."

ಅಡುಗೆಮನೆಯಲ್ಲಿ ಗೋರಿಕಾಯಿ ಹೆಚ್ಚುತ್ತಿದ್ದ ಗಿರಿಜಳ ಚಾಕು ಒಂದು ಕ್ಷಣ ನಿಂತಿತು. ನನ್ನ ಕಡೆ ನೋಡಿದಳು. ಮತ್ತೆ ಹೆಚ್ಚತೊಡಗಿದಳು.

ಶನಿವಾರದ ರೈಲಿನಲ್ಲಿ ನಾಲ್ವರು ಹೊರಟೆವು. ನಾನು, ಮಹೇಶ, ಹಿರಿಯ ಮೊಮ್ಮಗಳು ಹಂಸ ಮತ್ತು ಗಿರಿಜ. ರೈಲು ಹತ್ತುವಾಗ ಅವಳಿಗೆ ಇಬ್ಬರು ಪೋರ್ಟರುಗಳ ಹೆಗಲು ಬೇಕಾಯಿತು. ಅಷ್ಟು ಕಷ್ಟಪಟ್ಟು ಅವಳೇಕೆ ಬರಬೇಕು? ಏಕೆಂದರೆ ಪರೀಕ್ಷಕಿ ಅವಳೇ! ಇಂಜಿನ್ ಪಾಸಾಗಿ ಮೊಣಕಾಲು ಫೇಲಾದರೆ ಏನು ಬಂತು?

ಗವರ್ನರ್‌ಪೇಟೆಯ ಲಾಡ್ಜಿನಲ್ಲಿ ತಂಗಿದೆವು. ವ್ಯಾನಿನ ಯಜಮಾನ ಪ್ರಸಾದ್ ಗಾರು ಅಲ್ಲೇ ಸ್ಟೀಲ್ ಪಾತ್ರೆಗಳ ಹೋಲ್‌ಸೇಲ್ ಅಂಗಡಿ ಇಟ್ಟವರು. "ನಾವು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡಬೇಡಿ" ಎಂದು ಮೊದಲೇ ಫೋನಿನಲ್ಲಿ ಕಟ್ಟಪ್ಪಣೆ ಮಾಡಿದ್ದೆ. ಬಿಸಿಯಾದ ಇಂಜಿನ್ ಎಲ್ಲ ರೋಗವನ್ನೂ ಮುಚ್ಚಿಡುತ್ತದೆ. ಬೆಳಿಗ್ಗೆ ಅವರ ಮನೆಯಂಗಳದಲ್ಲಿ ನಿಂತ ಬಿಳಿ ವ್ಯಾನಿನ ಬಾನೆಟ್ ಮೇಲೆ ಮೊದಲು ಕೈಯಿಟ್ಟೆ. ತಣ್ಣಗಿತ್ತು! ಮನುಷ್ಯ ಮಾತು ಉಳಿಸಿಕೊಂಡಿದ್ದ.

ಕೀಲಿ ತಿರುಗಿಸಿದ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಹೊಗೆಯಿಲ್ಲ. ನಾಲ್ಕೂ ಟೈರು ಸಮನಾಗಿ ಸವೆದಿದ್ದವು (ಒಂದೇ ಕಡೆ ಸವೆದಿದ್ದರೆ ಅಡಿಯಲ್ಲಿ ಏನೋ ಸೊಟ್ಟಗಿದೆ ಎಂದರ್ಥ). ಎಲ್ಲರನ್ನೂ ತುಂಬಿಕೊಂಡು, ಎಸಿ ಹಾಕಿ ಫ್ಲೈಓವರ್ ಹತ್ತಿಸಿದೆವು. ಖಾಲಿ ಗಾಡಿಯನ್ನು ಸಪಾಟು ರಸ್ತೆಯಲ್ಲಿ ಓಡಿಸಿ ಖುಷಿಪಡುವವರು ಬಹಳ ಜನ. ಸಂಸಾರದ ಗಾಡಿ ಓಡುವುದು ಹಾಗೆಯೇ?

ವಾಪಸ್ ಬಂದು ನಿಲ್ಲಿಸಿದಾಗ ಗಿರಿಜ ಅಂದಳು. "ಹತ್ತಿಸುವಾಗ ನೀವೆಲ್ಲ ತಳ್ಳಿದ್ರಿ. ಅದು ಲೆಕ್ಕಕ್ಕಿಲ್ಲ. ಈಗ ಯಾರೂ ಮುಟ್ಟಬೇಡಿ."

ಇಳಿದಳು. ತಿರುಗಿ ನಿಂತಳು. ಹಿಡಿಕೆ ಹಿಡಿದಳು. ಒಂದು ಕಾಲು. ಉಸಿರು. ಇನ್ನೊಂದು ಕಾಲು.

"ಏನ್ರೀ, ಕೂತೆ ಕಣ್ರೀ!"

ಹಂಸ ಚಪ್ಪಾಳೆ ತಟ್ಟಿ ಕುಣಿದಳು. "ನಾನಮ್ಮ ಸೂಪರ್!" (ಅಜ್ಜಿ ನಮ್ಮ ಮನೆಯಲ್ಲಿ ಎಂದೋ ತೆಲುಗಿನ ನಾನಮ್ಮ ಆಗಿದ್ದಾಳೆ.) ಪ್ರಸಾದ್ ಗಾರು ಕೂಡ ಚಪ್ಪಾಳೆ ತಟ್ಟಿದರು. ತಮ್ಮ ಮಾಲು ಖರ್ಚಾದ ಖುಷಿಯಲ್ಲ ಅದು. ಅವರ ತಾಯಿಯೂ ಅದೇ ಸೀಟಿನಲ್ಲಿ ಕೂರುತ್ತಿದ್ದರಂತೆ.

ನನ್ನದೊಂದು ಪರೀಕ್ಷೆ ಬಾಕಿಯಿತ್ತು. ಮಂಡಿಯೂರಿ, ನಡುವಿನ ಸೀಟಿನ ಬುಡದ ರಬ್ಬರ್ ಮ್ಯಾಟ್ ಎತ್ತಿದೆ. ಬೆರಳಿನಿಂದ ಕುಟ್ಟಿದೆ. ಟಣ್ ಎಂದಿತು. ಬೋಲ್ಟುಗಳ ಸುತ್ತ ಹಳೆಯ ಬಣ್ಣ ಹಾಗೇ ಇತ್ತು.

ಪ್ರಸಾದ್ ಗಾರು ಚಿಕ್ಕಪ್ಪನನ್ನು ಕರೆದಂತೆ ಕರೆದು ನಕ್ಕರು. "ಬಾಬಾಯಿ ಗಾರು, ನಾಲ್ಕು ಜನ ಬಂದು ನೋಡಿ ಹೋದರು. ಎಲ್ಲರೂ ಸ್ಟೀರಿಯೋದಲ್ಲಿ ಹಾಡು ಬರುತ್ತಾ ಅಂತ ಕೇಳಿದರು. ಮ್ಯಾಟ್ ಎತ್ತಿದವರು ನೀವೊಬ್ಬರೇ. ಬನ್ನಿ, ನೀವು ನೋಡದೇ ಇರೋದನ್ನ ನಾನೇ ತೋರಿಸ್ತೀನಿ." ಹಿಂದಿನ ಎಡಮೂಲೆಗೆ ಕರೆದೊಯ್ದು ಒಂದು ಬೆಸುಗೆಯ ಗುರುತು ತೋರಿಸಿದರು. ಕಂಬಕ್ಕೆ ತಾಗಿತ್ತಂತೆ. ಕೊನೆಯ ಸಾಲಿಗೆ ಎಸಿ ಸರಿಯಾಗಿ ತಲುಪದು ಎಂದೂ ಹೇಳಿದರು. ಕೇಳಿದವರು ಯಾರು? ಯಾರೂ ಇಲ್ಲ. ತಾನಾಗಿ ಹೇಳಿದ ಮನುಷ್ಯ.

ಆಗ ಹಂಸ ಕೇಳಿದಳು. "ತಾತಯ್ಯ, ಮ್ಯಾಟ್ ಕೆಳಗೆ ನೋಡಬೇಕು ಅಂತ ನಿಂಗೆ ಯಾರು ಹೇಳಿಕೊಟ್ಟಿದ್ದು?"

"ತಾತಂಗೆ ಅನುಭವ ಕಣೇ" ಎಂದ ಮಹೇಶ, ಹೆಮ್ಮೆಯಿಂದ.

ಸೀಟಿನಿಂದ ಗಿರಿಜಳ ದನಿ ಬಂತು. "ಹೇಳ್ರೀ. ಮಗು ಕೇಳ್ತಿದೆ."

"ದಾರೀಲಿ ಹೇಳ್ತೀನಿ" ಎಂದು ತಪ್ಪಿಸಿಕೊಂಡೆ. ಕಾಗದಗಳಿಗೆ ಸಹಿ ಬಿತ್ತು, ಕೀಲಿ ಮಹೇಶನ ಕೈಗೆ ಬಂತು, ಹತ್ತು ಗಂಟೆಗೆ ಹೆದ್ದಾರಿ ಹಿಡಿದೆವು. ನಮ್ಮದೇ ವ್ಯಾನ್! ಹಂಸ ಮೂರೂ ಸಾಲುಗಳಲ್ಲಿ ಕೂತು ನೋಡಿದಳು. ಗಿರಿಜ ರಾಜಮಂಡ್ರಿಯವರೆಗೂ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ಅನ್ನವರಂ ಹತ್ತಿರ ರಸ್ತೆಬದಿ ನಿಲ್ಲಿಸಿ ಎಲೆಯ ಪೊಟ್ಟಣದಲ್ಲಿ ದೇವಸ್ಥಾನದ ಬೆಚ್ಚಗಿನ ಪ್ರಸಾದ ತಂದೆವು. ಹೇಳದೆ ಆ ಊರು ದಾಟುವಂತಿರಲಿಲ್ಲ. ಅಲ್ಲಿಯೇ ಹೇಳಿಬಿಟ್ಟೆ.

ಇಪ್ಪತ್ತು ವರ್ಷಗಳ ಮೇಲಾಯಿತು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಬ್ಯಾಂಕ್ ಸೇರಿದ ಕ್ಲರ್ಕ್. ವರ್ಗವಾಗಿ ಈ ಕಡೆ ಬರುವ ಕನ್ನಡದವರಲ್ಲಿ ಒಂದು ಪದ್ಧತಿಯಿತ್ತು. ಹೋಗುವವನ ಮನೆವಾರ್ತೆಯನ್ನು ಬರುವವನು ಹೇಳಿದ ಬೆಲೆ ಕೊಟ್ಟು ಹಾಗೇ ವಹಿಸಿಕೊಳ್ಳುವುದು. ಬಾಡಿಗೆ ಮನೆ, ಮಂಚ, ಹಾಲಿನವನು, ಗಾಡಿ, ಎಲ್ಲವೂ. ಪರ ಊರಲ್ಲಿ ನಮ್ಮವರು ನಮ್ಮವರಿಗೆ ಮೋಸ ಮಾಡುತ್ತಾರೆಯೇ? ಯಾರೂ ಏನನ್ನೂ ಪರೀಕ್ಷಿಸುತ್ತಿರಲಿಲ್ಲ. ಪರೀಕ್ಷಿಸಿದರೆ ಅವಮಾನ.

ನನಗೆ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ವರ್ಗವಾಯಿತು. ನನ್ನ ಜಾಗಕ್ಕೆ ಬಾಗಲಕೋಟೆ ಕಡೆಯವರೊಬ್ಬರು ಬಂದರು. ನನ್ನದೊಂದು ಹಳೇ ವ್ಯಾನಿತ್ತು, ಬೀಚ್ ಗಾಳಿಗೆ ವರ್ಷಗಟ್ಟಲೆ ನಿಂತದ್ದು. ನಡುಸೀಟಿನ ಬೋಲ್ಟುಗಳ ಸುತ್ತ ತಳ ಪುಡಿಯಾಗಿತ್ತು. ಅವರು ಬರುವ ಹಿಂದಿನ ದಿನ ನಾನು ಅದರ ಮೇಲೆ ಡಾಂಬರ್ ಬಣ್ಣ ಬಳಿದು, ಹೊಸ ಮ್ಯಾಟ್ ಹಾಸಿದೆ. ಕಾಫಿ ತಂದ ಗಿರಿಜ ನೋಡಿದಳು. "ಹೇಳಿಬಿಡ್ರೀ ಅವರಿಗೆ" ಎಂದಳು. ನಾನು ಹೇಳಲಿಲ್ಲ.

"ಒಮ್ಮೆ ನೋಡಿಕೊಳ್ಳಿ" ಎಂದೇನೋ ಬಾಯಿಮಾತಿಗೆ ಅಂದೆ. ಅವರು ಗಾಡಿಯ ಕಡೆ ತಿರುಗಲೂ ಇಲ್ಲ. "ನಮ್ಮವರ ಗಾಡಿ ನೋಡೂದೇನ್ರೀ? ನಿಮ್ಮ ಮುಖ ನೋಡೀನಲ್ಲ, ಸಾಕು."

ತಿಂಗಳೊಪ್ಪತ್ತಿನಲ್ಲಿ ಅವರು ತಾಯಿಯನ್ನು ಅನ್ನವರಂಗೆ ಕರೆದುಕೊಂಡು ಹೊರಟರು. ಹೆದ್ದಾರಿಯಲ್ಲಿ ಎಮ್ಮೆ ಅಡ್ಡ ಬಂತು. ಬ್ರೇಕ್ ಹಾಕಿದರು. ನಡುವಿನ ಸೀಟು ತಳದ ಸಮೇತ ಕಿತ್ತು ಮುಂದಕ್ಕೆ ಬಿತ್ತು. ತಾಯಿಯ ಬಲಗೈ ಮುರಿಯಿತು. ಆ ಕೈ ಮತ್ತೆ ನೆಟ್ಟಗಾಗಲಿಲ್ಲ, ರೊಟ್ಟಿ ಬಡಿಯಲಿಲ್ಲ.

ಅವರೇ ವಿಜಯವಾಡಕ್ಕೆ ಫೋನ್ ಮಾಡಿದರು. ಬೈಯಲು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡು ರಿಸೀವರ್ ಹಿಡಿದೆ.

"ನಿಮಗ ಬ್ಯಾರೆ ಯಾರರ ಹೇಳಿದರ ಮನಸಿಗೆ ಹಚ್ಚಿಕೋತೀರಿ ಅಂತ ನಾನ ಫೋನ್ ಮಾಡೀನ್ರೀ" ಎಂದರು. "ತಳ ಪೂರ್ತಿ ತುಕ್ಕು ಹಿಡಿದಿತ್ರೀ. ನಿಮಗರ ಏನ್ ಗೊತ್ತು ಪಾಪ. ಗೊತ್ತಿರಲಿಲ್ಲ, ಹೌದಿಲ್ರೀ?"

"ಹೌದು" ಎಂದೆ. "ಗೊತ್ತಿರಲಿಲ್ಲ."

ಮ್ಯಾಟ್ ಹಾಸಿದ್ದಕ್ಕಿಂತ ಆ ಎರಡು ಪದಗಳೇ ಇಂದಿಗೂ ನನ್ನನ್ನು ಕೊರೆಯುತ್ತವೆ.

ರಸ್ತೆಬದಿ ನಿಂತ ವ್ಯಾನಿನಲ್ಲಿ ಇಷ್ಟನ್ನೂ ಹೇಳಿ ಮುಗಿಸಿದೆ. ಮಹೇಶನ ಹೆಮ್ಮೆ ಎಲ್ಲಿ ಹೋಯಿತೋ. ಹಂಸ ಪ್ರಸಾದದ ಎಲೆ ಮಡಿಸುತ್ತಾ ಕೇಳಿದಳು. "ಆಮೇಲೆ ಸಾರಿ ಹೇಳಿದ್ಯಾ ತಾತಯ್ಯ?"

"ಇಲ್ಲ."

"ಇನ್ನೂ ಇಲ್ವಾ?"

ಸಂಜೆ ಬೆಳಕಿರುವಾಗಲೇ ವೈಜಾಗ್ ಸೇರಿದೆವು. ಮಹೇಶ ಮನೆಗೆ ತಿರುಗಿಸದೆ ನೇರ ಬೀಚ್ ರೋಡಿಗೆ ಹೊಡೆದ. ಬಾಗಿಲು ಜಾರಿತು. ಗಿರಿಜ ಯಾರ ಕೈಯನ್ನೂ ಹಿಡಿಯದೆ ಇಳಿದಳು! ಸಮುದ್ರ ನೋಡುತ್ತಾ ಎಷ್ಟೋ ಹೊತ್ತು ನಿಂತಳು. ಆ ಮುಖ ನೋಡಿ ನನಗೆ ಕುಣಿಯುವಷ್ಟು ಸಂತೋಷವಾಯಿತು (ಕುಣಿಯಲಿಲ್ಲ, ನನಗೂ ಮೊಣಕಾಲಿದೆ). ಆಮೇಲೆ ಅವಳು ನನ್ನ ಕಡೆ ತಿರುಗಿದಳು. "ಆ ಅಮ್ಮನಿಗೂ ಒಂದು ಗಟ್ಟಿ ಸೀಟು ಸಿಗಬೇಕಿತ್ತಲ್ವೇನ್ರೀ?" ಎಂದಳು. ಅಷ್ಟೇ.

ಹಳೆಯ ಬ್ಯಾಂಕಿನ ಗೆಳೆಯರನ್ನು ವಿಚಾರಿಸಿದೆ. ಆ ತಾಯಿ ಈಗಿಲ್ಲ. ಬಾಗಲಕೋಟೆಯವರು ನಿವೃತ್ತರಾಗಿ ಊರಿನಲ್ಲಿದ್ದಾರೆ, ಫೋನ್ ನಂಬರ್ ಬದಲಾಗಿದೆ. ಆದರೆ ಈ ಪತ್ರಿಕೆ ತರಿಸುತ್ತಾರೆಂದು ಹಿಂದೆಯೇ ನನ್ನ ಕಿವಿಗೆ ಬಿದ್ದಿತ್ತು. ನನ್ನ ಅಂಕಣ ಓದಿ, "ಇವರು ನಮ್ಮವರು" ಎಂದು ನೆರೆಯವರಿಗೆ ತೋರಿಸುತ್ತಾರಂತೆ. ಇಷ್ಟು ವಾರ ಇದನ್ನು ಬರೆಯದೆ ಇದ್ದದ್ದೇಕೆ ಎಂದು ನಿಮಗೆ ಈಗ ತಿಳಿದಿರಬೇಕು.

ವ್ಯಾನ್ ಕೊಳ್ಳುವವರಿಗೆ ನನ್ನ ಸಲಹೆ ಒಂದೇ. ಮಾರುವವನು ನಿಮ್ಮವನೇ ಆಗಿದ್ದರೂ ಮ್ಯಾಟ್ ಎತ್ತಿ ನೋಡಿ. ಅದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಮ್ಯಾಟ್ ಹಾಸಿದವನು ನಾನೇ.

ನನಗೆ ಗೊತ್ತಿತ್ತು, ಶಿವಲಿಂಗಪ್ಪನವರೇ.