ಹಿಂಗಾಲಿನ ಬೂಟು

ವಿಲ್ಮೋಶ್ ತೀರಿಕೊಂಡು ಹತ್ತು ವಾರವಾಗಿತ್ತು. ಮೂವತ್ತು ವರ್ಷ ಊರ ಮಕ್ಕಳಿಗೆ ಕತ್ತಿವರಸೆ ಕಲಿಸಿದವನು ಒಂದು ಪಾಠವನ್ನೂ ಬರೆದಿಡಲಿಲ್ಲ. ಎಲ್ಲ ತಲೆಯಲ್ಲಿತ್ತು, ಅವನ ಜೊತೆಗೇ ಹೋಯಿತು. ಈಗ ಶಾಲೆಯ ಹೆಡ್‌ಮಾಸ್ಟರು ಹೊಸಬರಿಗೇನು ಪಾಠ, ಮಧ್ಯದ ಹಂತದವರಿಗೇನು ಅಂತ ಬರೆದು ಶುಕ್ರವಾರ ಕೊಡಿ ಎಂದಿದ್ದರು. ಇಲ್ಲದಿದ್ದರೆ ವಾರದಲ್ಲಿ ಕತ್ತಿವರಸೆಗಿದ್ದ ಎರಡು ಸಂಜೆಯೂ ಹ್ಯಾಂಡ್‌ಬಾಲಿನವರಿಗೆ.

ವಿಲ್ಮೋಶನ ಹಳೆಯ ಶಿಷ್ಯ ಚೊಂಗೋರ್ ಈಗ ಅವನ ಜಾಗದಲ್ಲಿ ಕಲಿಸುತ್ತಿದ್ದ. ವಿಲ್ಮೋಶನ ಹೆಂಡತಿ ಎತೆಲ್ಕಾಳ ಅಡುಗೆಮನೆಯಲ್ಲಿ ಕೂತು, ಹಂದಿಕೊಬ್ಬು ಸವರಿದ ಬ್ರೆಡ್ಡು ತಿನ್ನುತ್ತಾ ಬರೆದದ್ದನ್ನು ಓದಿದ.

“ಮೊದಲನೇ ವಾರ, ಹೊಸಬರಿಗೆ ಕತ್ತಿ ಹಿಡಿಯೋದು, ಚುಚ್ಚೋದು.”

“ನಿನಗೆ ಮೊದಲನೇ ವಾರ ಕತ್ತಿ ಕೊಟ್ಟಿದ್ರಾ? ಕ್ರಿಸ್‌ಮಸ್‌ವರೆಗೂ ಬರಿಗೈಲಿ ಓಡಾಡಿಸಿದ್ರು. ನೀನು ಅತ್ಕೊಂಡು ಮನೆಗೆ ಹೋಗ್ತಿದ್ದೆ,” ಎಂದಳು ಎತೆಲ್ಕಾ.

“ಈಗಿನ ಮಕ್ಕಳು ಓಡಿಹೋಗ್ತಾರೆ, ಎತೆಲ್ಕಮ್ಮ. ನೀವು ಕತ್ತಿ ಹಿಡಿದೋರಲ್ಲ, ಬಿಡಿ.”

ಅವಳಿಗೆ ಮೈ ಉರಿಯಿತು. ಅವಳು ಹಿಡಿದದ್ದು ಸೂಜಿ. ವಿಲ್ಮೋಶ್ ತಿಂಗಳಿಗೊಮ್ಮೆ ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿ ಬೂಟು ಎತ್ತಿಸುತ್ತಿದ್ದ. ಕತ್ತಿ ಚಾಚುವಾಗ ಹಿಂದೆ ಉಳಿಯುವ ಕಾಲು, ಆ ಹಿಂಗಾಲಿನ ಬೂಟಿನ ಒಳಬದಿ ಸವೆದವನು ಹೊಸಬರಲ್ಲೇ ಉಳಿಯುತ್ತಿದ್ದ. ಆ ಬೂಟು ತೇಪೆಗೆ ಅವಳ ಕೈಗೆ ಬರುತ್ತಿತ್ತು.

ಅಂಥದೊಂದು ಬೂಟನ್ನು ತಂದು ಚೊಂಗೋರನ ಪುಸ್ತಕದ ಮೇಲೆ ಕುಕ್ಕಿದಳು.

“ಬರ್ಕೋ. ಮುಂದೆ ಚಾಚೋವಾಗ ಹಿಂದಿನ ಪಾದ ಒಳಕ್ಕೆ ಮಗುಚ್ತಾರೆ. ಅದು ನಿಲ್ಲೋವರೆಗೂ ಬರೀ ಕಾಲು, ಆಮೇಲೆ ಕತ್ತಿ. ಮಧ್ಯದವರ ಅಂಗಿ ಹೊಲಿಗೆಗೆ ಬರ್ತಿತ್ತು, ಮುಂಗೈ ಹತ್ರ ತೂತು. ಅವರಿಗೆ ಮೊದಲು ಮುಂಗೈ ಕಾಯೋದು, ಆಮೇಲೆ ತಡೆದು ತಿರುಗಿ ಹೊಡೆಯೋದು.”

ಚೊಂಗೋರ್ ಬರೆದುಕೊಂಡ. “ಮಧ್ಯದವರಿಗೆ ಕೊನೇ ತಿಂಗಳು?”

ಅವಳಿಗೆ ಗೊತ್ತಿರಲಿಲ್ಲ. ಆ ಹೊತ್ತಿಗೆ ಯಾರ ಅಂಗಿಯೂ ಹರಿಯುತ್ತಿರಲಿಲ್ಲ.

“ನಿನಗೇನು ಕಲಿಸಿದ್ರು?”

“ಹಿಂದೆ ಸರಿಯೋದು, ನಾನು ಹೋರಿ ಥರ ನುಗ್ತಿದ್ದೆನಲ್ಲ. ನನ್ನ ತಮ್ಮನಿಗೆ ನುಗ್ಗೋದು. ಒಬ್ಬೊಬ್ಬರಿಗೆ ಒಂದೊಂದು.”

“ಹಾಗೇ ಬರಿ.”

ಶುಕ್ರವಾರ ಇಬ್ಬರೂ ಅದನ್ನು ಶಾಲೆಗೆ ಒಯ್ದು ಕೊಟ್ಟಾಗ ಹೆಡ್‌ಮಾಸ್ಟರು ಕೊನೆಯ ಸಾಲಿಗೆ ಬೆರಳಿಟ್ಟರು. “ಒಬ್ಬೊಬ್ಬರಿಗೆ ಒಂದೊಂದು ಅಂದ್ರೆ ಪಾಠ ಅಲ್ಲಮ್ಮ.” ಗುರುವಾರದ ಸಂಜೆ ಹ್ಯಾಂಡ್‌ಬಾಲಿಗೆ ಹೋಯಿತು. ಮಂಗಳವಾರ ಮಾತ್ರ ಉಳಿಯಿತು.

ಮನೆಗೆ ಬರುವ ದಾರಿಯುದ್ದಕ್ಕೂ ಎತೆಲ್ಕಾ ಸತ್ತವನನ್ನೇ ಬೈದಳು. ಬಾಯಿಬಿಟ್ಟು ಎರಡು ಮಾತು ಹೇಳಿ ಹೋಗಿದ್ದರೆ ಅವನ ಗಂಟೇನು ಹೋಗುತ್ತಿತ್ತು.

ಮಂಗಳವಾರ ಹೊಸ ಮಕ್ಕಳು ಕತ್ತಿ ಕೇಳಿದರು. ಚೊಂಗೋರ್ ಅವಳ ಕಡೆ ನೋಡಿದ. ಎತೆಲ್ಕಾ ಸೂಜಿಡಬ್ಬಿ ಹಿಡಿದು ಬೆಂಚಿನ ತುದಿಯಲ್ಲಿ ಕೂತಿದ್ದಳು.

“ಕೂತ್ಕೊಳ್ಳಿ,” ಎಂದಳು. “ಬೂಟು ಎತ್ತಿ.”