ನಾಲ್ಕನೇ ಜ್ವರ

ಚಾಮರಾಜನಗರದಿಂದ ತಾಳವಾಡಿಗೆ ಹೋಗುವ ಬಸ್ಸಿನಲ್ಲಿ ಮೊನ್ನೆ ಯಾರೋ ನನ್ನ ಕಾಲ ಬಳಿ ಒಂದು ಗೋಣಿಚೀಲ ತಂದು ನೂಕಿದರು. ಬಯ್ಯೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ವಾಸನೆ ಮೂಗಿಗೆ ಬಂತು. ಹಿಪ್ಪುನೇರಳೆ ಸೊಪ್ಪು, ಆಗತಾನೆ ಕೊಯ್ದದ್ದು. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡು ಕಾಲನ್ನು ಒಳಕ್ಕೆ ಎಳೆದುಕೊಂಡೆ. ಚೀಲದ ಯಜಮಾನ ನನ್ನನ್ನು ಬಹಳ ಒಳ್ಳೆಯ ಹೆಂಗಸು ಎಂದುಕೊಂಡಿರಬೇಕು.

ನಾನು ಹೊರಟಿದ್ದು ಅಲ್ಲಿನ ಶಾಲೆಯೊಂದರ ಚರ್ಚಾಸ್ಪರ್ಧೆಗೆ, ತೀರ್ಪುಗಾರಳಾಗಿ. ರಿಟೈರಾದ ಟೀಚರುಗಳಿಗೆ ಇಂಥದ್ದು ಬಿಟ್ಟರೆ ಬೇರೆ ಏನು ಕೆಲಸವಿದೆ ಹೇಳಿ. ಓದುವ ಮಕ್ಕಳಿಗೆ ಸರ್ಕಾರ ದುಡ್ಡು ಕೊಡಬೇಕೋ, ಅವರೇ ಬಿಡುವಿನಲ್ಲಿ ದುಡಿದು ಓದಿಕೊಳ್ಳಬೇಕೋ ಎನ್ನುವುದು ವಿಷಯ. ನಿಜ ಹೇಳುತ್ತೇನೆ, ಮನೆ ಬಿಡುವಾಗಲೇ ತೀರ್ಪು ನನ್ನ ಕೈಚೀಲದಲ್ಲಿತ್ತು. ದುಡಿದು ಓದುವುದೇ ಸರಿ. ನಾನು ರೇಷ್ಮೆಹುಳು ಸಾಕಿ ಓದಿದವಳು ಎಂದು ಪಾಠ ಹೇಳಿದ ಕಡೆಯೆಲ್ಲ ಡಂಗುರ ಸಾರಿಕೊಂಡು ಬಂದವಳು ನಾನು. ತಡವಾಗಿ ಬಂದ ಹುಡುಗರಿಗೂ ಅದೇ ಕತೆ, ಸಂಬಳ ಸಾಲದು ಎಂದ ಜೊತೆಯವರಿಗೂ ಅದೇ ಕತೆ. ನನ್ನ ಗಂಡನಂತೂ ನಾನು ‘ನಾವು ಚಿಕ್ಕವರಿದ್ದಾಗ’ ಎಂದು ಶುರುಮಾಡಿದರೆ ಸಾಕು, ಚಪ್ಪಲಿ ಹುಡುಕುತ್ತಾರೆ. ಬಸ್ಸಿನಲ್ಲಿ ನಿಮಗೆ ಎದ್ದು ಹೋಗುವ ದಾರಿಯಿಲ್ಲ, ಕೇಳಿ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ತಾಳವಾಡಿ ಕಡೆಯ ತಿಗನಾರೆಯಲ್ಲಿ ನಮ್ಮ ಮನೆ. ಊರಿನ ಮಾತು ಕನ್ನಡ, ಸರ್ಕಾರ ಮಾತ್ರ ತಮಿಳುನಾಡಿನದು. ಹೊಲ, ದನ, ರಾತ್ರಿ ಕಾಡುಹಂದಿ ಬಾರದಂತೆ ಕಾಯುವುದು ಅಪ್ಪನ ಪಾಲು. ನಡುಮನೆಯ ಪಕ್ಕದ ಕೋಣೆ, ಅಂದರೆ ಹುಳುಮನೆ, ಅವ್ವನ ರಾಜ್ಯ. ಅಲ್ಲಿಯ ಕಾನೂನು ಬಹಳ ಬಿಗಿ. ಬೀಡಿ ಸೇದಿದವರು ಒಳಗೆ ಕಾಲಿಡುವಂತಿಲ್ಲ. ಒಗ್ಗರಣೆ ಹಾಕಿದ ಕೈಯನ್ನು ತೊಳೆಯದೆ ತಟ್ಟೆ ಮುಟ್ಟುವಂತಿಲ್ಲ. ಬಿದಿರಿನ ತಟ್ಟೆಗಳಿಗೆಲ್ಲ ಸೋಮವಾರ ಸೋಮವಾರ ವಿಭೂತಿ. ಎಲ್ಲಕ್ಕಿಂತ ದೊಡ್ಡ ಕಾನೂನೆಂದರೆ ಅವುಗಳನ್ನು ಹುಳು ಎಂದು ಕರೆಯಬಾರದು. ಕರೆದರೆ ಅವಕ್ಕೆ ಬೇಜಾರಾಗುತ್ತದಂತೆ. ‘ಮಕ್ಕಳು’ ಅನ್ನಬೇಕು. ಮಕ್ಕಳಿಗೆ ಸೊಪ್ಪು ಹಾಕಿದೆಯಾ, ಮಕ್ಕಳು ಎದ್ದವಾ ಎಂದೇ ನಮ್ಮ ಮನೆಯಲ್ಲಿ ಮಾತು. ನಿಜವಾದ ಮಗಳು ನಾನೊಬ್ಬಳು ಇದ್ದೇನೆ ಎನ್ನುವುದು ಬೆಳೆಯ ದಿನಗಳಲ್ಲಿ ಅವ್ವನಿಗೆ ಮರೆತೇ ಹೋಗುತ್ತಿತ್ತು.

ಪೂರ್ತಿ ಮರೆಯುತ್ತಿರಲಿಲ್ಲ ಅನ್ನಿ. ಒಂದು ತಟ್ಟೆಯನ್ನು ಅವ್ವ ನನ್ನ ಹೆಸರಿಗೆ ಬಿಟ್ಟಿದ್ದಳು. ಅದು ‘ಓದೋ ತಟ್ಟೆ’. ಅದರಲ್ಲಿ ಬಂದ ಗೂಡು ಮಾರಿದ ದುಡ್ಡು ನನ್ನ ಪುಸ್ತಕಕ್ಕೆ, ಲಂಗಕ್ಕೆ. ಅದಕ್ಕೆ ಬದಲಾಗಿ ನಾನು ಬೆಳಿಗ್ಗೆ ಸಂಜೆ ಸೊಪ್ಪು ಕೊಯ್ದು, ಹೆಚ್ಚಿ, ಎಲ್ಲ ತಟ್ಟೆಗಳಿಗೂ ಹಾಕಬೇಕು.

ರೇಷ್ಮೆ ಸಾಕಿದವರಿಗೆ ಇದನ್ನು ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳಿಬಿಡುತ್ತೇನೆ. ಹುಳು ಬೆಳೆಯುತ್ತ ಬೆಳೆಯುತ್ತ ನಾಲ್ಕು ಸಲ ಹಳೆಯ ಚರ್ಮ ಕಳಚುತ್ತದೆ. ಆಗ ಅದು ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ, ತಲೆ ಮೇಲೆತ್ತಿಕೊಂಡು ಸುಮ್ಮನೆ ಕೂತಿರುತ್ತದೆ. ಇದಕ್ಕೆ ‘ಜ್ವರ’ ಎಂದು ಹೆಸರು. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ನಾಲ್ಕನೇ ಜ್ವರದಿಂದ ಎದ್ದ ಮೇಲಂತೂ ಅವು ತಿನ್ನುವ ತಿನಿಸಿಗೆ ಕೊನೆಯಿಲ್ಲ. ಮನೆಯವರಿಗೆ ಉಣ್ಣಲೂ ಪುರುಸೊತ್ತಿರುವುದಿಲ್ಲ.

ನಾನು ಎಂಟನೆಯ ತರಗತಿಯಲ್ಲಿದ್ದ ವರ್ಷ ನಮ್ಮ ಶಾಲೆಗೆ ಹೊಸ ಹೆಡ್‌ಮಾಸ್ಟರು ಬಂದರು. ಘಾಟಿಯ ಕೆಳಗಿನ ಅರಿಸಿನ ಬೆಳೆಯುವ ಸೀಮೆಯವರು. ತಮಿಳು ಮನೆಮಾತು. ಕನ್ನಡವನ್ನು ನಮ್ಮಿಂದಲೇ ಚೂರು ಚೂರಾಗಿ ಕಲಿಯುತ್ತಿದ್ದರು, ಬಯ್ಗುಳ ಮಾತ್ರ ಮೊದಲೇ ಬಂದಿತ್ತು. ಅವರಿಗೆ ನನ್ನನ್ನು ಒಂದು ಪರೀಕ್ಷೆಗೆ ಕೂರಿಸುವ ಹಟ. ಪಾಸಾದರೆ ಸರ್ಕಾರ ‘ಉದವಿತ್ತೊಗೈ’, ಅಂದರೆ ಓದಿಗೆ ಸಹಾಯಧನ, ಕೊಡುತ್ತದೆ, ತಾಳವಾಡಿಯ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದಬಹುದು. ಆದರೆ ಪರೀಕ್ಷೆಯ ತನಕ ಒಂದು ದಿನವೂ ತಪ್ಪಿಸದೆ ಅವರ ಹತ್ತಿರ ಪಾಠಕ್ಕೆ ಕೂರಬೇಕು.

ನಾನು ಓಡೋಡಿ ಬಂದು ಉದವಿತ್ತೊಗೈ ಎಂದೆ. ಅವ್ವನಿಗೆ ಸಂತೆಯ ತಮಿಳು ನೀರು ಕುಡಿದಷ್ಟು ಸಲೀಸು, ಆಫೀಸಿನ ತಮಿಳು ಬಾರದು. ಉದವಿ ಎಂದರೆ ಸಹಾಯ ಎಂದು ತಿಳಿಯಿತು. ತೊಗೈ ಎನ್ನುವುದು ತೊಗರಿಯಾಗಿ ಕಿವಿಗೆ ಬಿತ್ತು.

“ತೊಗ್ರಿ ಕೊಡ್ತರಾ ಸರ್ಕಾರ್ದೋರು? ನಮ್ ಒಲ್ದಲ್ಲಿ ಬೆಳಿಯಕಿಲ್ವಾ ತೊಗ್ರಿಯ? ಬ್ಯಾಡ ಅಂದ್ಬುಡು ಕಣಮ್ಮಿ,” ಎಂದು ಸೊಪ್ಪು ಹೆಚ್ಚಲು ಕೂತಳು.

ತೊಗರಿಯಲ್ಲ, ದುಡ್ಡು ಎಂದು ತಿದ್ದಲು ನನಗೆ ಧೈರ್ಯ ಬರಲಿಲ್ಲ. ಬಿಟ್ಟಿ ತೊಗರಿಯನ್ನೇ ಒಪ್ಪದವಳು ಬಿಟ್ಟಿ ದುಡ್ಡನ್ನು ಒಪ್ಪುತ್ತಾಳೆಯೇ? ಓದೋ ತಟ್ಟೆ ಎಂಟನೆಯ ತರಗತಿಯವರೆಗೆ ನನ್ನನ್ನು ಎಳೆದು ತಂದಿತ್ತು, ಹಾಸ್ಟೆಲಿಗೆ ಅದೊಂದೇ ಸಾಲದು. ಪರೀಕ್ಷೆ ಬರೆಯದಿದ್ದರೆ ನನ್ನ ಓದು ಅಲ್ಲಿಗೆ ಮುಗಿದಂತೆ. ನಮ್ಮ ಬೀದಿಯ ಹುಡುಗಿಯರದೆಲ್ಲ ಹಾಗೇ ಮುಗಿದಿತ್ತು. ನನಗೆ ಓದು ಬೇಕಿತ್ತು, ಅವ್ವನಿಗೆ ನನ್ನ ಎರಡು ಕೈ ಬೇಕಿತ್ತು. ಇಬ್ಬರದೂ ತಪ್ಪಲ್ಲ, ಅದೇ ಕಷ್ಟ.

ಹೀಗಿರುವಾಗ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತವು. ಅವು ಏಳುವ ಹೊತ್ತಿಗೆ ಸೊಪ್ಪು ಕೊಯ್ದಿಡಬೇಕು, ನಾಳೆಯಿಂದ ಶಾಲೆಗೆ ಹೋಗಬೇಡ ಎಂದಳು ಅವ್ವ. ನಾನು ಹೆಡ್‌ಮಾಸ್ಟರ ಮುಂದೆ ನಿಂತು, ತಮಿಳು ನನಗೂ ಬರುತ್ತದೆ ಎಂದು ತೋರಿಸುವ ಜಂಬದಲ್ಲಿ, ನಮ್ಮ ಮನೆಯಲ್ಲಿ ಮಕ್ಕಳಿಗೆಲ್ಲ ನಾಲ್ಕನೇ ಕಾಯ್ಚಲ್ ಸಾರ್, ರಜೆ ಬೇಕು ಎಂದೆ. ಕಾಯ್ಚಲ್ ಎಂದರೆ ತಮಿಳಿನಲ್ಲಿ ಜ್ವರ. ಅವರು ಕನ್ನಡಕ ತೆಗೆದರು. ಎಷ್ಟು ಜನ ಮಕ್ಕಳು ಎಂದು ಕೇಳಿದರು. ಎಣಿಸಿಲ್ಲ ಸಾರ್ ಎಂದೆ. ಏನಾದರೂ ತಿನ್ನುತ್ತಿದ್ದಾರಾ ಎಂದರು. ಏನೂ ತಿನ್ನುತ್ತಿಲ್ಲ, ತಲೆ ಎತ್ತಿಕೊಂಡು ಕೂತಿದ್ದಾರೆ, ಚರ್ಮ ಸುಲಿಯುತ್ತಿದೆ ಎಂದೆ. ನಮ್ಮ ಸೀಮೆಯ ಮೇಷ್ಟರಾಗಿದ್ದರೆ ಸೊಪ್ಪು ಎಷ್ಟಿದೆ ಎಂದು ಕೇಳುತ್ತಿದ್ದರು. ಇವರು ಬೆವರಿದರು.

ಮಾರನೆಯ ಬೆಳಿಗ್ಗೆ ನಮ್ಮ ಬಾಗಿಲಿಗೆ ಮಲೇರಿಯಾ ಮದ್ದು ಹೊಡೆಯುವ ಇಬ್ಬರು ಬಂದು ನಿಂತರು, ಬೆನ್ನಿಗೆ ಪಂಪು ಕಟ್ಟಿಕೊಂಡು. ಮಕ್ಕಳಿಗೆಲ್ಲ ಜ್ವರವೆಂದು ಹೆಡ್‌ಮಾಸ್ಟರೇ ಅವರಿಗೆ ಹೇಳಿಕಳಿಸಿದ್ದರು. ಆ ಕಾಲದಲ್ಲಿ ಅವರು ಮನೆಮನೆಯ ಗೋಡೆಗೂ ಡಿಡಿಟಿ ಹೊಡೆಯುತ್ತಿದ್ದರು. ಆ ಮದ್ದಿನ ಗಾಳಿ ತಾಕಿದರೂ ಸಾಕು, ಕೋಣೆಯ ಅಷ್ಟೂ ಹುಳು ಸಾಯುತ್ತವೆ. ನನ್ನ ತಟ್ಟೆಯೂ ಅದರಲ್ಲೇ. ಅವ್ವ ಕೂಗಲಿಲ್ಲ, ಜಗಳವಾಡಲಿಲ್ಲ. ಹುಳುಮನೆಯ ಹೊಸಿಲಿಗೆ ಅಡ್ಡಲಾಗಿ ಕೂತು ಸೆರಗು ಸರಿಮಾಡಿಕೊಂಡಳು.

“ಒಡೀರಪ್ಪ. ಮೊದ್ಲು ನನ್ ಮ್ಯಾಲ ಒಡೀರಿ, ಆಮ್ಯಾಲ ಒಳಕ್ಕೋಗಿ.”

ಮದ್ದಿನವರು ಮುಖಮುಖ ನೋಡಿಕೊಂಡರು. ಅಷ್ಟರಲ್ಲಿ ಹೆಡ್‌ಮಾಸ್ಟರು ಸೈಕಲ್ಲಿನಲ್ಲಿ ಏದುಸಿರು ಬಿಡುತ್ತ ಬಂದರು. ಹ್ಯಾಂಡಲಿಗೆ ಒಂದು ಚೀಲ ತುಂಬ ಬನ್ನು ನೇತುಹಾಕಿದ್ದರು, ಜ್ವರ ಬಂದ ಮಕ್ಕಳಿಗೆ. ಮಕ್ಕಳೆಲ್ಲಿ ಎಂದು ಕೇಳಿದರು. ಅವ್ವ ಅವರ ಕಾಲು ನೋಡಿ, ಮೆಟ್ಟು ಬಿಡಿ ಸಾಮಿ ಎಂದು, ಕದವನ್ನು ಒಂದು ಗೇಣು ತೆರೆದಳು. ತಟ್ಟೆಯ ಮೇಲೆ ತಟ್ಟೆ, ಒಂದೊಂದರಲ್ಲೂ ಲೆಕ್ಕವಿಲ್ಲದಷ್ಟು ಬೆಳ್ಳನೆಯ ಮಕ್ಕಳು ತಲೆ ಎತ್ತಿಕೊಂಡು ಕೂತಿದ್ದವು. ಹೆಡ್‌ಮಾಸ್ಟರು ನೋಡಿದರು. ತಿರುಗಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅವರಿಗೆ ಬಂದ ನಗುವನ್ನು ತಡೆಯಲು ಹೆಗಲಿನ ಟವೆಲ್ಲನ್ನು ಬಾಯಿಗೆ ತುರುಕಿಕೊಳ್ಳಬೇಕಾಯಿತು, ಯಾಕೆಂದರೆ ಮಕ್ಕಳು ಮಲಗಿವೆ, ಸದ್ದು ಮಾಡಬೇಡಿ ಎಂದು ಅವ್ವ ತುಟಿಗೆ ಬೆರಳಿಟ್ಟಿದ್ದಳು.

ಮದ್ದಿನವರು ಮಜ್ಜಿಗೆ ಕುಡಿದು ಹೋದರು. ಹೆಡ್‌ಮಾಸ್ಟರು ಜಗಲಿಯಲ್ಲಿ ಉಳಿದರು. ಬನ್ನು ತಿನ್ನಲು ಜ್ವರವಿದ್ದವರು ಯಾರೂ ಇಲ್ಲದ್ದರಿಂದ ಅಷ್ಟನ್ನೂ ನಾನೇ ಮುಗಿಸುತ್ತಿದ್ದೆ. ತೊಗೈ ಎಂದರೆ ತೊಗರಿಯಲ್ಲ ಎಂದು ಅವ್ವನಿಗೆ ತಿಳಿದದ್ದು ಆಗಲೇ. ನಾನು ಎಣಿಸಿದಂತೆಯೇ ಆಯಿತು. ಕೈಕಾಲು ಗಟ್ಟಿಯಿರುವವರು ಸರ್ಕಾರದ ದುಡ್ಡು ಯಾಕೆ ಮುಟ್ಟಬೇಕು, ನನ್ನ ಮಗಳು ದುಡಿದೇ ಓದುತ್ತಿದ್ದಾಳೆ ಎಂದಳು. ಹೆಡ್‌ಮಾಸ್ಟರು ವಾದಕ್ಕೆ ಹೋಗಲಿಲ್ಲ. ಜ್ವರ ಬಂದಾಗ ಇವಕ್ಕೆ ಏನು ಮಾಡುತ್ತೀರಿ ಎಂದು ತಮ್ಮ ಚೂರುಪಾರು ಕನ್ನಡದಲ್ಲಿ ಕೇಳಿದರು.

“ಏನೂ ಮಾಡಕಿಲ್ಲ ಸಾಮಿ. ಸೊಪ್ಪಾಕಕಿಲ್ಲ, ಮುಟ್ಟಕಿಲ್ಲ. ಮುಟ್ಟುದ್ರ ಸತ್ತೋಯ್ತವ. ಅದ್ರ ಪಾಡ್ಗ ಬುಟ್ಬುಡ್ಬೇಕು.”

“ಅಮ್ಮಾ, ನಿಮ್ಮ ಮಗಳಿಗೂ ಈಗ ಜ್ವರ,” ಎಂದರು ಹೆಡ್‌ಮಾಸ್ಟರು. “ಪರೀಕ್ಷೆವರೆಗೂ ಮುಟ್ಟಬೇಡಿ.”

ಅವ್ವ ಹುಳುಮನೆಯ ಕದದ ಕಡೆ ನೋಡಿದಳು. ನನ್ನ ಬಾಯಿಯ ಬನ್ನು ಬಾಯಲ್ಲೇ ನಿಂತಿತ್ತು.

“ಎದ್ ಮ್ಯಾಲ ಸೊಪ್ ಯಾರ್ ಆಕ್ತರ?” ಎಂದಳು.

“ಸರ್ಕಾರ.”

“ಸರ್ಕಾರಕ್ಕ ಒತ್ತೊತ್ಗ ಸೊಪ್ಪಾಕಕ ಬಂದದಾ ಸಾಮಿ?”

ಹೆಡ್‌ಮಾಸ್ಟರೂ ಸರ್ಕಾರದ ಸಂಬಳದವರೇ. ತಲೆ ಕೆರೆದುಕೊಂಡರು. ಅವ್ವ ಎದ್ದಳು. ಆಯ್ತು ಬುಡಿ, ಮುಟ್ಟಕಿಲ್ಲ ಎಂದು ಹೇಳಿ ಸೊಪ್ಪಿಗೆ ಹೊರಟಳು. ನಾನು ಅಭ್ಯಾಸಬಲದಿಂದ ಕುಡುಗೋಲು ತೆಗೆದುಕೊಂಡು ಹಿಂದೆ ಓಡಿದೆ. ನನ್ನ ಕೈಯಿಂದ ಅದನ್ನು ಕಿತ್ತುಕೊಂಡು, “ನಿಂಗ ಜ್ವರ ಕಣಮ್ಮಿ. ಓಗು, ಓದೋಗು,” ಎಂದಳು. ಹಾಗೆ ಹೇಳುವಾಗ ನಗುತ್ತಿದ್ದಳು.

ಪರೀಕ್ಷೆ ಪಾಸಾಯಿತು, ಹಾಸ್ಟೆಲು ಸೇರಿದೆ. ಅವ್ವ ಹೇಳಿದ್ದು ಮಾತ್ರ ಸುಳ್ಳಾಗಲಿಲ್ಲ. ಉದವಿತ್ತೊಗೈ ಒಂದು ವರ್ಷವೂ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಒಂಬತ್ತರದು ಬರುವಾಗ ನಾನು ಹತ್ತರಲ್ಲಿದ್ದೆ. ನಿಮ್ಮ ಸರ್ಕಾರದ ತೊಗರಿ ಬೇಯುವುದು ಬಲು ತಡ ಎಂದು ಅವ್ವ ಹೆಡ್‌ಮಾಸ್ಟರು ಕಂಡಾಗಲೆಲ್ಲ ಹಂಗಿಸುತ್ತಿದ್ದಳು, ಅವರೂ ನಗುತ್ತಿದ್ದರು. ಅದು ಬೇಯುವ ತನಕ ನನ್ನನ್ನು ನಡೆಸಿದ್ದು ಓದೋ ತಟ್ಟೆಯೇ. ಬಸ್ಸು ತಾಳವಾಡಿಯ ತಿರುವು ಹತ್ತುವಾಗ ನನಗೆ ತಟ್ಟನೆ ಹೊಳೆಯಿತು. ಎಂಟನೆಯ ತರಗತಿಯ ಆ ಬೆಳಗಿನಿಂದ ಆಚೆಗೆ ಆ ತಟ್ಟೆಗೆ ನಾನು ಒಂದು ಹಿಡಿ ಸೊಪ್ಪನ್ನೂ ಹಾಕಿಲ್ಲ, ಹಾಕಿದ್ದೆಲ್ಲ ಅವ್ವ. ಹುಳು ಸಾಕಿ ಓದಿದವಳಂತೆ ನಾನು! ಒಬ್ಬಳೇ ಕೂತು ನಕ್ಕೆ. ಪಕ್ಕದವರು ನೋಡಿದರು. ಆಮೇಲೆ ಕಣ್ಣು ಒರೆಸಿಕೊಂಡೆ, ಅದನ್ನೂ ನೋಡಿದರು.

ಶಾಲೆಯಲ್ಲಿ ಮಕ್ಕಳು ಚೆನ್ನಾಗಿ ಮಾತಾಡಿದರು. ಸರ್ಕಾರದ ಪರ ಒಬ್ಬ ಹುಡುಗ, ದುಡಿಮೆಯ ಪರ ಒಬ್ಬಳು ಹುಡುಗಿ ಕೊನೆಗೆ ಉಳಿದರು. ಅಂಕ ಕೊಡುವ ಮೊದಲು ಒಂದು ಪ್ರಶ್ನೆ ಕೇಳುವ ಅವಕಾಶ ನನಗಿತ್ತು. ನೀವಿಬ್ಬರೂ ಇಲ್ಲಿ ಮಾತಾಡುತ್ತಿದ್ದೀರಲ್ಲ, ಈಗ ಮನೆಯಲ್ಲಿ ನಿಮ್ಮ ಪಾಲಿನ ಕೆಲಸ ಯಾರು ಮಾಡುತ್ತಿದ್ದಾರೆ ಎಂದೆ. ಹುಡುಗ ಕೈಯಲ್ಲಿದ್ದ ಹಾಳೆ ತಿರುವಿ ನೋಡಿದ, ಅದರಲ್ಲಿ ಇರಲಿಲ್ಲ. ಹುಡುಗಿ ಮೈಕಿನಿಂದ ಸ್ವಲ್ಪ ಹಿಂದಕ್ಕೆ ಸರಿದು ಮೆಲ್ಲಗೆ ಹೇಳಿದಳು.

“ನಮ್ಮವ್ವ, ಮೇಡಂ. ಇವತ್ತು ಚೆಂಡೂವು ಕುಯ್ಯದು. ಬೇಗ್ನ ಬುಟ್ರ ಓಗಿ ಒಂದ್ ಸಾಲಾದ್ರೂ ಕುಯ್ದ್‌ಕೊಡ್ತಿನಿ.”

ಇಬ್ಬರಿಗೂ ಸಮ ಅಂಕ ಕೊಟ್ಟೆ. ಕಾರ್ಯಕ್ರಮದ ಕೊನೆಗೆ ನಾನು ಅರ್ಧ ಗಂಟೆ ಹಿತವಚನ ಹೇಳಬೇಕೆಂದು ಮೊದಲೇ ಮಾತಾಗಿತ್ತು. ಮೈಕು ಕೈಗೆ ಬಂತು. ಮಕ್ಕಳನ್ನು ಬೇಗ ಮನೆಗೆ ಬಿಡಿ ಎಂದಷ್ಟೇ ಹೇಳಿ ಕೂತೆ.